ಹಸ್ತದ ಮಳೆಗೆ ತಾಡಪತ್ರಿ

ನನ್ನ ತಮ್ಮನ ಹೆಂಡತಿ ಸುಗಲಾಳನ್ನು ಊರವರು ಎಂಟು ತಿಂಗಳು 'ಮಳಿಗೇಡಿ' ಎಂದು ಕರೆದರು. ಆ ಹೆಸರು ಇಟ್ಟವನು ನಾನು. ಇಟ್ಟ ದಿನ ಬಹಳ ಹೆಮ್ಮೆಯಾಗಿತ್ತು. ಚಹಾದಂಗಡಿಯ ಕಟ್ಟೆಯ ಮೇಲೆ ಕೂತವರೆಲ್ಲ ತೊಡೆ ತಟ್ಟಿಕೊಂಡು ನಕ್ಕಿದ್ದರು. ಈಗ ಯಾರಾದರೂ ಆ ಹೆಸರು ಎತ್ತಿದರೆ ನಾನೇ ಮಾತು ಬದಲಿಸುತ್ತೇನೆ. ಆದರೂ ನಡೆದದ್ದನ್ನು ಬೇರೆಯವರು ಉಪ್ಪುಕಾರ ಹಚ್ಚಿ ಹೇಳುವುದಕ್ಕಿಂತ ನಾನೇ ಹೇಳಿಬಿಡುವುದು ಒಳ್ಳೆಯದು.

ನನ್ನ ಹೆಸರು ಮಲಕಪ್ಪ. ಇಂಡಿಯಿಂದ ಭೀಮಾ ಹೊಳೆಯ ಕಡೆಗೆ ಹೋಗುವ ದಾರಿಯಲ್ಲಿ ನಮ್ಮೂರು. ಅಣ್ಣತಮ್ಮಂದಿರ ಹೊಲ ಇನ್ನೂ ಪಾಲಾಗಿಲ್ಲ. ತಮ್ಮ ಚನಮಲ್ಲ ಬಸ್ಸಿನ ಡ್ರೈವರ್. ವಾರಕ್ಕೊಮ್ಮೆ ಬಂದು, ಬಟ್ಟೆ ಒಗೆಸಿಕೊಂಡು, ರೊಟ್ಟಿ ಕಟ್ಟಿಸಿಕೊಂಡು ಹೋಗುತ್ತಾನೆ. ಎರೆ ಹೊಲದ ಜೋಳ, ಕಡಲೆ, ಕಾಲುವೆ ಬಂದ ಮೇಲೆ ಕಬ್ಬು, ಇವೆಲ್ಲ ನನ್ನ ಪಾಲಿನ ಕೆಲಸ. ಊರ ಮೇಲ್ಗಡೆಯ ಮಡ್ಡಿಯಲ್ಲಿ, ಆ ಕಲ್ಲುನೆಲದ ದಿಬ್ಬದಲ್ಲಿ, ಅಪ್ಪ ಹಚ್ಚಿದ ಲಿಂಬೆಯ ತೋಟವಿದೆ. ಹನ್ನೆರಡು ಸಾಲು, ಸಾಲಿಗೆ ಹತ್ತು ಗಿಡ. ಅಪ್ಪ ಕಣ್ಣು ಮುಚ್ಚಿದ ಮೇಲೆ ಅದನ್ನು ನೋಡಿಕೊಂಡವಳು ಸುಗಲಾ. ಕಾಲುವೆ ಬರುವ ಮೊದಲು ಎರಡು ಬೇಸಿಗೆ ಬಾವಿಯ ತಳ ಕಂಡಾಗ ಆಕೆ ಕೊಡ ಹೊತ್ತು ಆ ಗಿಡಗಳನ್ನು ಉಳಿಸಿದ್ದಳು. ದಿನಕ್ಕೆ ಎಷ್ಟು ಕೊಡ ಹೊತ್ತಳೋ ನಾನು ಕೇಳಿದವನಲ್ಲ. ಆಕೆಯ ಸೀರೆಯ ಸೊಂಟದ ಕಡೆ ಯಾವಾಗಲೂ ಒದ್ದೆ ಇರುತ್ತಿದ್ದುದು ಮಾತ್ರ ನೆನಪಿದೆ.

ನನಗೆ ಲಿಂಬೆಯ ಮೇಲೆ ಸಿಟ್ಟಿತ್ತು. ಅದು ಕಾಯಿ ಕೊಡುವುದು ಯಾವಾಗ? ಮುಂಗಾರಿನಲ್ಲಿ. ಮಳೆ ಹನಿಯುವಾಗ ಲಿಂಬೆ ಶರಬತ್ತು ಯಾರಿಗೆ ಬೇಕು? ಚೀಲ ತುಂಬಿ ಪೇಟೆಗೆ ಒಯ್ದರೆ ಕೇಳುವವರಿಲ್ಲದೆ ರಸ್ತೆಯ ಮಗ್ಗುಲಿಗೆ ಸುರಿದು ಬಂದದ್ದಿದೆ. ಅದೇ ಬೇಸಿಗೆಯಲ್ಲಿ ಸೊಲ್ಲಾಪುರದಿಂದ ಹೈದರಾಬಾದಿನವರೆಗೆ ಜನ ಗಂಟಲು ಒಣಗಿಸಿಕೊಂಡು ಲಿಂಬೆ ಲಿಂಬೆ ಎನ್ನುವಾಗ ಗಿಡದಲ್ಲಿ ಮುಳ್ಳು ಬಿಟ್ಟರೆ ಏನೂ ಇರುವುದಿಲ್ಲ. ಕಬ್ಬು ಹಾಗಲ್ಲ. ಹಚ್ಚಿದರಾಯಿತು, ಕಡಿಯುವವರು ಬಂದು ಕಡಿದುಕೊಂಡು ಹೋಗುತ್ತಾರೆ. ಕಾಲುವೆಯ ನೀರು ಮಡ್ಡಿಗೂ ಏರುವಂತಾದ ವರ್ಷ, ಶ್ರಾವಣದ ಒಂದು ಬೆಳಿಗ್ಗೆ ಚಹಾ ಕುಡಿಯುತ್ತ ನಾನು ಮನೆಯಲ್ಲಿ ಹೇಳಿಬಿಟ್ಟೆ: ಜೆಸಿಬಿಗೆ ಹೇಳಿದ್ದೇನೆ, ಲಿಂಬೆ ಕೀಳಿಸಿ ಕಬ್ಬು ಹಚ್ಚುತ್ತೇನೆ.

ಸುಗಲಾ ಅಡುಗೆಮನೆಯ ಬಾಗಿಲ ಮರೆಯಲ್ಲಿದ್ದಳು. ಗಂಡನ ಅಣ್ಣನ ಎದುರು ತಲೆಯ ಮೇಲೆ ಸೆರಗಿಲ್ಲದೆ ಆಕೆ ನಿಂತದ್ದಿಲ್ಲ, ನೇರ ಮಾತಾಡಿದ್ದಿಲ್ಲ. ಹನ್ನೊಂದು ವರ್ಷದಿಂದ ನಮ್ಮಿಬ್ಬರ ಮಾತೆಲ್ಲ ನನ್ನ ಹೆಂಡತಿ ಇಂದ್ರವ್ವನ ಮೂಲಕವೇ ಹೋಗಿಬರುತ್ತಿತ್ತು. ನಾನು ಮೂರು ಮಾರು ದೂರ ಕೂತಿದ್ದರೂ ಅದೇ ರೀತಿ.

"ಅಕ್ಕಾ, ಭಾವಾರಿಗಿ ಕೇಳ್ರಿ. ಬ್ಯಾಸಿಗ್ಯಾಗ ಕಾಯಿ ಬಂದ್ರ ಗಿಡ ಇಡ್ತಾರೇನು?"

"ಕಿವಿ ನೆಟ್ಟಗದಾವ, ನನಗ ಕೇಳಸ್ತೈತಿ," ಎಂದೆ. "ಬ್ಯಾಸಿಗ್ಯಾಗ ಕಾಯಿ ಎಲ್ಲಿಂದ ಬರ್ತಾವ? ನೀ ಹೋಗಿ ಗಿಡಕ್ಕ ಕಟ್ಟಿ ಬರ್ತೀಯೇನು?"

ಇಂದ್ರವ್ವ ನನ್ನ ಮಾತನ್ನು ಹಾಗೇ ಆಕೆಗೆ ದಾಟಿಸಿದಳು, ಕೊನೆಯ ಕುಹಕವನ್ನು ನುಂಗಿಕೊಂಡು. ಒಳಗಿನಿಂದ ಉತ್ತರ ಬಂತು. ಗಿಡ ಬಾಡಿಸುತ್ತೇನೆ, ಹಸ್ತದ ಮಳೆಯೊಳಗೇ ಬಾಡಿಸುತ್ತೇನೆ, ಯುಗಾದಿ ದಾಟುವುದರೊಳಗೆ ಕಾಯಿ ತೋರಿಸುತ್ತೇನೆ ಅಂತ.

ನಾನು ನಕ್ಕೆ. ಬಾಡಿಸುವುದೆಂದರೆ ನಮ್ಮ ಕಡೆಯ ಲಿಂಬೆಯವರಿಗೆಲ್ಲ ಗೊತ್ತು. ಗಿಡಕ್ಕೆ ನೀರು ನಿಲ್ಲಿಸಿ ಎಲೆ ಸುರುಳಿಯಾಗುವವರೆಗೆ ಬಾಯಾರಿಸಬೇಕು. ಆಮೇಲೆ ಒಮ್ಮೆಲೇ ಗೊಬ್ಬರ, ನೀರು ಕೊಟ್ಟರೆ ಗಿಡ ಸಾಯುವ ಹೆದರಿಕೆಯಲ್ಲಿ ಮೈತುಂಬ ಹೂ ಬಿಡುತ್ತದೆ. ಆದರೆ ಎಲ್ಲರೂ ಅದನ್ನು ಮಾಡುವುದು ಚಳಿಗಾಲದಲ್ಲಿ, ಮಳೆಯ ಕಾಟವಿಲ್ಲದಾಗ. ಆಗ ಬಿಟ್ಟ ಹೂ ಮುಂಗಾರಿಗೆ ಕಾಯಾಗುತ್ತದೆ, ರಸ್ತೆಯ ಮಗ್ಗುಲಿಗೆ ಬೀಳುತ್ತದೆ. ಬೇಸಿಗೆಗೆ ಕಾಯಿ ಬೇಕೆಂದರೆ ಹಸ್ತದಲ್ಲಿ ಬಾಡಿಸಬೇಕು. ನಮ್ಮ ಸೀಮೆಗೆ ಮಳೆ ಬಂದರೆ ಬರುವುದೇ ಆ ದಿನಗಳಲ್ಲಿ. ಮೇಲಿನಿಂದ ನೀರು ಬೀಳುವಾಗ ಕೆಳಗೆ ಗಿಡ ಬಾಡಿಸುವುದು ಹೇಗೆ? ಸುಗಲಾಳ ತವರು ಚಡಚಣದ ಆಚೆ, ಅವರಪ್ಪ ಲಿಂಬೆಯಲ್ಲೇ ಹಣ್ಣಾದ ಮನುಷ್ಯ. ಅವನೂ ಇದನ್ನು ಮಾಡಿದವನಲ್ಲ.

ನಾನು ಹಟಕ್ಕೆ ಬಿದ್ದು ಮಾತನ್ನು ಅಮಗೊಂಡ ಮುತ್ಯಾನ ಕಟ್ಟೆಗೆ ಒಯ್ದೆ. ಎಂಬತ್ತು ದಾಟಿದ ಈ ಮುತ್ಯಾ ನಮ್ಮೂರಿನ ಜಗಳಗಳೆಲ್ಲ ಹೋಗಿ ಸೇರುವ ಜಾಗ. ಅಲ್ಲಿ ನಾನು ಷರತ್ತು ಹಾಕಿದೆ. ಬಸವ ಜಯಂತಿಯ ದಿನ ಹನ್ನೆರಡೂ ಸಾಲಿನಲ್ಲಿ ಕಾಯಿ ಇರಬೇಕು, ಒಂದೇ ಒಂದು ಸಾಲು ಖಾಲಿ ಇದ್ದರೂ ಜೆಸಿಬಿ. ಆಗದ ಷರತ್ತು ಎಂದು ಗೊತ್ತಿದ್ದೇ ಹಾಕಿದ್ದು. ಸುಗಲಾ ಇಂದ್ರವ್ವನ ಬೆನ್ನ ಹಿಂದೆ ನಿಂತು ಒಪ್ಪಿಕೊಂಡಳು, ತನ್ನದೂ ಒಂದನ್ನು ಸೇರಿಸಿದಳು: ಅಲ್ಲಿಯವರೆಗೆ ತೋಟದ ನೀರಿಗೆ ತನ್ನನ್ನು ಬಿಟ್ಟು ಯಾರೂ ಕೈ ಹಚ್ಚಬಾರದು. ನಾನು ಅಪ್ಪನ ಮೇಲೆ ಆಣೆ ಮಾಡಿದೆ. ಆ ತೋಟದ ನೀರು ನನಗೇಕೆ ಬೇಕು ಎಂದುಕೊಂಡೆ.

ಆಕೆಯ ಯುಕ್ತಿ ಏನೆಂದು ಗೊತ್ತಾದದ್ದು ಚನಮಲ್ಲನ ಬಸ್ಸು ಬಂದಾಗ. ಬಸ್ಸಿನ ತಲೆಯ ಮೇಲೆ ಹರಕು ಪ್ಲಾಸ್ಟಿಕ್ಕಿನ ಗುಡ್ಡ. ತಿಕೋಟಾದ ಕಡೆ ದ್ರಾಕ್ಷಿ ತೋಟದವರು ಬಳಸಿ ಬಿಸಾಡಿದ ತಾಡಪತ್ರಿಗಳನ್ನು ಆತ ನಾಲ್ಕು ವಾರ ಹೊತ್ತು ತಂದ. ಸುಗಲಾ ಮತ್ತು ಇಂದ್ರವ್ವ ಕೂತು ಅವಕ್ಕೆ ಗೊಬ್ಬರದ ಚೀಲಗಳ ತೇಪೆ ಹಾಕಿ, ದಬ್ಬಣದಿಂದ ಹೊಲಿದು, ಗಿಡಕ್ಕೊಂದರಂತೆ ನೂರಾ ಇಪ್ಪತ್ತು ಹಾಸು ಮಾಡಿದರು. ನಡುವೆ ಬೊಡ್ಡೆಗೆ ಸೀಳು. ಮೋಡ ಕಂಡರೆ ಗಿಡದ ಬುಡಕ್ಕೆ ಹಾಸಿ ಸುತ್ತ ಕಲ್ಲಿಡುವುದು, ಬಿಸಿಲು ಬಿದ್ದರೆ ತೆಗೆದು ನೆಲ ಒಣಗಿಸುವುದು. ಮಳೆಯ ನೀರು ಹಾಸಿನ ಮೇಲೆ ಉರುಳಿ ಸಾಲಿನ ನಡುವಿನ ಹರಿಗಾಲುವೆಗೆ ಬಿದ್ದು ಮಡ್ಡಿ ಇಳಿದು ಹೋಗಬೇಕು.

ನೀವೇ ಯೋಚಿಸಿ. ಹಿಂದಿನ ವರ್ಷವಷ್ಟೇ ನಾವು ಮಳೆಗಾಗಿ ಮಣ್ಣಿನ ಗುರ್ಜಿ ಮಾಡಿ ತಲೆಯ ಮೇಲೆ ಹೊರಿಸಿದ್ದೆವು. ಮನೆಮನೆಯ ಮುಂದೆ ನಿಂತು ತಲೆಯ ಮೇಲೆ ಕೊಡ ಸುರಿಸಿಕೊಂಡು, ಹಳ್ಳ ಹೊಳೆ ತುಂಬಿ ಬಾ ಎಂದು ಗಂಟಲು ಹರಿದುಕೊಂಡಿದ್ದೆವು. ಹನಿ ಬಿದ್ದರೆ ಅಂಗಳದಲ್ಲಿ ತಟ್ಟೆ ಇಡುವ ಜನ ನಾವು. ಅಂಥ ಊರಿನಲ್ಲಿ ಒಬ್ಬ ಹೆಂಗಸು ಮಳೆ ಬೀಳದಂತೆ ಭೂಮಿಗೆ ಹೊದಿಕೆ ಹಾಕುತ್ತಾಳೆ. ಮುದುಕಿಯರು ಬಾಯಿಗೆ ಸೆರಗು ಇಟ್ಟುಕೊಂಡರು. ಒಬ್ಬ ಅವಳಿಗೆ ಛತ್ರಿ ಕಳಿಸಿಕೊಡಿ ಎಂದ, ಇನ್ನೊಬ್ಬ ಗಿಡಕ್ಕೆ ರೇನ್‌ಕೋಟು ಹೊಲಿಸಿ ಎಂದ. ಮಳೆಗೇ ಕೇಡು ಬಗೆಯುವವಳು ಎಂದು ಆಗಲೇ ನಾನು ಆ ಹೆಸರಿಟ್ಟದ್ದು.

ಹಸ್ತಕ್ಕೂ ಮುಂಚಿನ ಉತ್ತರಿಯ ಮೊದಲ ಮಳೆ ಬಂದ ದಿನ ನಾನು ತಮಾಷೆ ನೋಡಲೆಂದೇ ಬದುವಿನ ಮೇಲೆ ಹೋಗಿ ನಿಂತಿದ್ದೆ. ಪಡುವಣದಲ್ಲಿ ಮೋಡ ಕಟ್ಟಿ ಗಾಳಿ ಎದ್ದಿತು. ಸುಗಲಾ, ಇಂದ್ರವ್ವ, ಕೂಲಿಗೆ ಬಂದ ಇಬ್ಬರು ಹೆಂಗಸರು ಸಾಲು ಸಾಲು ಓಡುತ್ತ ಹಾಸುತ್ತಿದ್ದರು. ಏಳನೇ ಸಾಲಿನಲ್ಲಿ ಗಾಳಿಗೆ ಒಂದು ಹಾಸು ಎದ್ದು ಹಾರಿ ನನ್ನ ಕಾಲಿಗೇ ಬಂದು ಸುತ್ತಿಕೊಂಡಿತು. ಸುಗಲಾಳ ಸೆರಗು ಹೆಗಲ ಮೇಲಿತ್ತು, ಕೂದಲು ಬಿಚ್ಚಿತ್ತು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಆಕೆ ನನ್ನ ಮುಖ ನೋಡಿ ಮಾತಾಡಿದಳು.

"ಭಾವಾರ, ಸುಮ್ನ ನಿಂತೀರಲ್ಲ, ಆ ತುದಿ ಹಿಡೀರಿ."

ಹಿಡಿದೆ. ಏಕೆ ಹಿಡಿದೆನೋ ಇವತ್ತಿಗೂ ಗೊತ್ತಿಲ್ಲ. ದನಿಯಲ್ಲಿ ಅಪ್ಪನ ಗತ್ತಿತ್ತು. ಮಳೆ ನಿಲ್ಲುವಷ್ಟರಲ್ಲಿ ನಾನು ಐದು ಸಾಲು ಹಾಸಿ ಕಲ್ಲಿಟ್ಟಿದ್ದೆ. ಮರುದಿನ ಚಹಾದಂಗಡಿಯಲ್ಲಿ ನನ್ನನ್ನೇ ಮಳಿಗೇಡಿಯ ಆಳು ಎಂದು ಕರೆದರು. ಸಿಟ್ಟು ಬಂದು ಒಂದು ವಾರ ಆ ಕಡೆ ಹೋಗಲಿಲ್ಲ.

ಹಸ್ತ ಹಿಡಿಯುವ ಹೊತ್ತಿಗೆ ಗಿಡಗಳು ನಿಜಕ್ಕೂ ಸೊರಗತೊಡಗಿದವು. ಸುತ್ತಲಿನ ಹೊಲವೆಲ್ಲ ಹಸಿರು, ನಡುವೆ ನಮ್ಮ ತೋಟವೊಂದೇ ಬೂದು ಬಣ್ಣ. ಮೊದಲು ಮಧ್ಯಾಹ್ನ ಎಲೆ ಮುದುಡಿ ಸಂಜೆಗೆ ಬಿಚ್ಚುತ್ತಿದ್ದವು. ಆಮೇಲೆ ಸಂಜೆಗೂ ಬಿಚ್ಚಲಿಲ್ಲ. ಹಳದಿಯಾಗಿ ಉದುರತೊಡಗಿದವು. ಸುಗಲಾ ದಿನವೂ ಹೋಗಿ ಎಲೆಗಳನ್ನು ಎರಡು ಬೆರಳಲ್ಲಿ ಹಿಡಿದು ನೋಡಿ ಬರುತ್ತಿದ್ದಳು. ಬೆಳಗಿನ ತಂಪಿನಲ್ಲೂ ಎಲೆ ಸುರುಳಿ ಬಿಚ್ಚದಿದ್ದ ದಿನ ನೀರು, ಅದಕ್ಕೆ ಒಂದು ದಿನ ಮೊದಲೂ ಇಲ್ಲ ಎಂದು ಇಂದ್ರವ್ವನಿಗೆ ಹೇಳಿದ್ದಳಂತೆ. ಮನೆಗೆ ಬಂದು ಊಟಕ್ಕೆ ಕೂತರೆ ರೊಟ್ಟಿ ಮುರಿದು ಹಾಗೇ ಬಿಡುತ್ತಿದ್ದಳು. ಕೊಡ ಹೊತ್ತು ಉಳಿಸಿದ ಗಿಡಗಳನ್ನು ಕೈಯಾರೆ ಒಣಗಿಸುವುದು ಆಕೆಗೆ ಹೇಗಿತ್ತೋ, ನಾನು ಕೇಳಲಿಲ್ಲ.

ನನಗೆ ಹೇಗಿತ್ತು ಎಂಬುದನ್ನು ಹೇಳುತ್ತೇನೆ. ನನ್ನ ಕಬ್ಬಿಗೆ ಹೋಗುವ ದಾರಿ ಆ ತೋಟದ ಬದುವಿನ ಮೇಲೇ. ನಾನು ಹುಟ್ಟಾ ಒಕ್ಕಲಿಗ. ಬೆಳೆ ಕೊಯ್ಯುತ್ತೇನೆ, ಗಿಡ ಕಡಿಯುತ್ತೇನೆ, ಅದರಲ್ಲಿ ನನಗೆ ಮರುಕವಿಲ್ಲ. ಆದರೆ ನೀರಿದ್ದೂ ಗಿಡ ಬಾಯಾರಿ ನಿಂತಿರುವುದನ್ನು ನೋಡಲು ಆಗುವುದಿಲ್ಲ. ಕಡಿಯುವುದು ಬೇರೆ, ಬಾಯಾರಿಸುವುದು ಬೇರೆ. ಪಕ್ಕದಲ್ಲೇ ಬಾವಿ, ಬಾವಿಯಲ್ಲಿ ಕೈಗೆ ಸಿಗುವಷ್ಟು ಮೇಲೆ ನೀರು, ಅದರ ದಂಡೆಗೇ ಅಪ್ಪನ ಗಿಡಗಳು ಎಲೆ ಉದುರಿಸುತ್ತಿದ್ದವು. ಹಾದು ಹೋಗುವಾಗಲೆಲ್ಲ ಕಣ್ಣು ತಪ್ಪಿಸಿಕೊಂಡು ಹೋಗುತ್ತಿದ್ದೆ.

ಮಹಾನವಮಿಗೆ ನಾಲ್ಕು ದಿನ ಇದ್ದಾಗ ಸುಗಲಾ ಬೇವಿನ ಹಿಂಡಿ ತರಲು ಇಂಡಿಗೆ ಹೋದಳು, ಜೊತೆಗೆ ಇಂದ್ರವ್ವ. ಮಟಮಟ ಮಧ್ಯಾಹ್ನ. ನಾನು ಬದು ದಾಟುವಾಗ ಮೊದಲ ಸಾಲಿನ ಗಿಡವೊಂದರಿಂದ ಗಾಳಿಯಿಲ್ಲದೆ ನಾಲ್ಕೈದು ಎಲೆ ಒಟ್ಟಿಗೆ ಬಿದ್ದವು. ಅಷ್ಟೇ. ನನಗೆ ತಡೆಯಲಾಗಲಿಲ್ಲ. ಹೋಗಿ ಮೋಟರು ಚಾಲೂ ಮಾಡಿದೆ. ಬಾವಿಯ ಮಗ್ಗುಲಿನ ಮೊದಲ ಸಾಲಿಗೆ ನೀರು ತಿರುವಿದೆ. ಒಣ ನೆಲ ಸುಂಯ್ ಎಂದು ಕುಡಿಯಿತು. ಒಂದರ ಹಿಂದೊಂದು ಹತ್ತು ಗಿಡದ ಬುಡ ತುಂಬಿತು. ನಾನು ಗುದ್ದಲಿ ಹಿಡಿದು ನಿಂತು ನೋಡುತ್ತಿದ್ದೆ, ಕಣ್ಣು ತುಂಬಿ ಬಂತು, ನಾಚಿಕೆಯಿಲ್ಲದೆ ಹೇಳುತ್ತೇನೆ. ಎರಡನೇ ಸಾಲಿಗೆ ನೀರು ತಿರುವಬೇಕು ಎನ್ನುವಾಗ ಕರೆಂಟು ಹೋಯಿತು.

ಕರೆಂಟು ಹೋದ ಮೇಲೆ ಬುದ್ಧಿ ಬಂತು. ಅಪ್ಪನ ಆಣೆ ನೆನಪಾಯಿತು. ನಾನು ಕಳ್ಳನಂತೆ ಅತ್ತಿತ್ತ ನೋಡಿ, ಸಾಲಿನ ನಡುವಿನ ಒಣಮಣ್ಣು ಎಳೆದು ಹಸಿಯ ಮೇಲೆಲ್ಲ ಮುಚ್ಚಿದೆ. ಹೆಜ್ಜೆಯನ್ನೂ ಅಳಿಸಿದೆ. ಐವತ್ತೆರಡು ವರ್ಷದ ಮನುಷ್ಯ ಮಾಡುವ ಕೆಲಸವಲ್ಲ.

ಮರುದಿನ ಬೆಳಿಗ್ಗೆ ಸುಗಲಾ ಹೋದಾಗ ಮೊದಲ ಸಾಲಿನ ಎಲೆಗಳೆಲ್ಲ ಬಿಚ್ಚಿಕೊಂಡಿದ್ದವು. ಆಕೆ ಬಗ್ಗಿ ಬೆರಳಿನಿಂದ ಮಣ್ಣು ಕೆದಕಿ ಒಂದು ಚಿಟಿಕೆ ತೆಗೆದು ನೋಡಿದಳು. ನಾನು ಕಬ್ಬಿನ ಮರೆಯಿಂದ ನೋಡುತ್ತಿದ್ದೆ. ಮನೆಗೆ ಬಂದು ರಂಪ ಮಾಡುತ್ತಾಳೆ ಎಂದುಕೊಂಡರೆ, ಮೊದಲ ಸಾಲಿಗೆ ಇನ್ನು ಹಾಸು ಬೇಡವೆಂದು ಇಂದ್ರವ್ವನಿಗೆ ಹೇಳಿ ಹಿಟ್ಟು ಕಲಸಲು ಕೂತಳು. ಬಾವಿಯ ಜವಳು, ನೆಲದೊಳಗಿನ ಒಸರು, ಏರಿದೆ ಎಂದು ಆಕೆ ತಿಳಿದಿರಬೇಕು ಎಂದು ನಾನು ನನಗೇ ಸಮಾಧಾನ ಹೇಳಿಕೊಂಡೆ.

ಉಳಿದ ಹನ್ನೊಂದು ಸಾಲು ಇನ್ನೂ ಐದು ದಿನ ಬಾಡಿದವು. ಹಬ್ಬದ ಮರುದಿನ ಬೆಳಗಿನ ತಂಪಿನಲ್ಲೂ ಎಲೆಗಳು ಸುರುಳಿಯಾಗಿಯೇ ಇದ್ದವು. ಆಕೆ ಅಂದೇ ಹಾಸುಗಳನ್ನೆಲ್ಲ ತೆಗೆಸಿ, ಬುಡಕ್ಕೆ ಗೊಬ್ಬರ, ಹಿಂಡಿ ಹಾಕಿ, ತೋಟಕ್ಕೆಲ್ಲ ನೀರು ಬಿಟ್ಟಳು. ಹತ್ತು ದಿನ ಏನೂ ಆಗಲಿಲ್ಲ. ಬೋಳು ಟೊಂಗೆಗಳನ್ನು ನೋಡಿ ಊರವರು ಜೆಸಿಬಿಯ ಖರ್ಚು ಉಳಿಯಿತು, ಕೊಡಲಿ ಸಾಕು ಎಂದರು. ಹದಿಮೂರನೇ ದಿನ ಇಂದ್ರವ್ವ ಏದುಸಿರು ಬಿಡುತ್ತ ಬಂದು ನನ್ನನ್ನು ಎಳೆದುಕೊಂಡು ಹೋದಳು. ಪ್ರತಿ ಟೊಂಗೆಯ ಪ್ರತಿ ಗೆಣ್ಣಿನಲ್ಲೂ ಗುಂಡುಸೂಜಿಯ ತಲೆಯಷ್ಟು ಮೊಗ್ಗು. ವಾರ ಕಳೆಯುವುದರಲ್ಲಿ ತೋಟ ಬೆಳ್ಳಗಾಯಿತು. ನಾನು ಜೋಳ ಬಿತ್ತುತ್ತಿದ್ದ ಹೊಲಕ್ಕೆ, ಅಂದರೆ ಅರ್ಧ ಮೈಲಿ ಆಚೆಗೆ, ಹೂವಿನ ವಾಸನೆ ಬರುತ್ತಿತ್ತು. ಎಲ್ಲೆಲ್ಲಿಯ ಜೇನುಹುಳುಗಳೆಲ್ಲ ನಮ್ಮ ಮಡ್ಡಿಗೆ ಬಂದಿದ್ದವು. ಒಂದು ತೋಟ ಅಷ್ಟು ಹೂ ಬಿಟ್ಟದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿರಲಿಲ್ಲ.

ಎರಡರಿಂದ ಹನ್ನೆರಡನೇ ಸಾಲಿನವರೆಗೆ. ಮೊದಲ ಸಾಲಿನಲ್ಲಿ ಒಂದು ಹೂ ಇಲ್ಲ. ಆ ಹತ್ತು ಗಿಡ ಮಾತ್ರ ಕಪ್ಪು ಹಸಿರು ಎಲೆ ತುಂಬಿಕೊಂಡು, ಹೊಸ ಚಿಗುರು ಚಾಚಿಕೊಂಡು, ಉಂಡು ಮಲಗಿದ ಅಳಿಯಂದಿರ ಹಾಗೆ ಹಾಯಾಗಿದ್ದವು.

ನನಗೆ ಆಗ ತಿಳಿಯಿತು ನಾನು ಮಾಡಿದ್ದೇನೆಂದು. ಷರತ್ತಿನ ಪ್ರಕಾರ ಒಂದು ಸಾಲು ಖಾಲಿ ಇದ್ದರೆ ನನ್ನ ಗೆಲುವು. ಆ ಸಾಲನ್ನು ಖಾಲಿ ಮಾಡಿದವನೂ ನಾನೇ. ಹೂ ಮಿಡಿಯಾಯಿತು, ಮಿಡಿ ಗೋಲಿಯಾಯಿತು, ನಾನು ಬದುವಿನ ದಾರಿ ಬಿಟ್ಟು ಸುತ್ತು ಬಳಸಿ ಕಬ್ಬಿಗೆ ಹೋಗತೊಡಗಿದೆ. ಹೇಳಿಬಿಡಬಹುದಿತ್ತು. ಹೇಳಲಿಲ್ಲ. ನನ್ನ ಸೊಕ್ಕು ದೊಡ್ಡದು. ಚಹಾದಂಗಡಿಯಲ್ಲಿ ಯಾರಾದರೂ, ಮಲಕಪ್ಪಣ್ಣ, ಒಂದು ಸಾಲು ಖಾಲಿ ಇದೆಯಂತೆ, ಗೆದ್ದೆಯಲ್ಲ ಎಂದರೆ ಹೂಂ ಎಂದು ಅರ್ಧ ಚಹಾ ಬಿಟ್ಟು ಎದ್ದುಬಿಡುತ್ತಿದ್ದೆ. ಮೊದಲ ಸಾಲಿಗೆ ಈಗಲಾದರೂ ಒಂದೆರಡು ಹೂ ಬರಲಿ ಎಂದು ಸಿದ್ಧೇಶ್ವರನಿಗೆ ಕಾಯಿ ಒಡೆಸಿಯೂ ಬಂದೆ. ಬರಲಿಲ್ಲ.

ಬಸವ ಜಯಂತಿ ಬಂತು. ಬಿಸಿಲು ನೆತ್ತಿ ಸೀಳುತ್ತಿತ್ತು. ತಾಲ್ಲೂಕಿನಲ್ಲೆಲ್ಲೂ ಲಿಂಬೆಯಿಲ್ಲ. ಎತ್ತುಗಳ ಪೂಜೆ ಮುಗಿಸಿ, ಹೋಳಿಗೆ ಉಂಡು, ಇಡೀ ಊರು ನಮ್ಮ ಮಡ್ಡಿ ಹತ್ತಿತು. ಸೊಲ್ಲಾಪುರದ ಇಬ್ಬರು ವ್ಯಾಪಾರಿಗಳು ಟೆಂಪೋ ತಂದು ಬೆಳಗಿನಿಂದ ರಸ್ತೆಯಲ್ಲಿ ಕಾಯುತ್ತಿದ್ದರು. ನಾನು ಹಿಂದಿನ ತಿಂಗಳು ಜನರ ಎದುರಿಗೆ ಜಂಬದಲ್ಲಿ ಬರಹೇಳಿದ್ದ ಜೆಸಿಬಿಯೂ ಬಂದು ಬದುವಿನ ಮೇಲೆ ನಿಂತಿತ್ತು. ಅಮಗೊಂಡ ಮುತ್ಯಾನನ್ನು ಯಾರೋ ಮೋಟರ್ ಸೈಕಲ್ಲಿನ ಮೇಲೆ ಕೂರಿಸಿಕೊಂಡು ತಂದರು.

ತೋಟದೊಳಗೆ ಹೋಗುವ ದಾರಿ ಬಾವಿಯ ಕಡೆಯಿಂದ. ಹಾಗಾಗಿ ಮೊದಲು ಸಿಕ್ಕಿದ್ದೇ ಆ ಸಾಲು. ಮುತ್ಯಾ ಕೋಲಿನಿಂದ ಟೊಂಗೆ ಸರಿಸಿ ಸರಿಸಿ ಹತ್ತೂ ಗಿಡ ನೋಡಿದ. ಒಂದು ಕಾಯಿಯೂ ಇಲ್ಲ. ಹಿಂದಿನಿಂದ ಯಾರೋ ಕಿಸಕ್ಕೆಂದರು. ಮುತ್ಯಾ ಎರಡನೇ ಸಾಲಿಗೆ ದಾಟಿದ, ಅಲ್ಲೇ ನಿಂತುಬಿಟ್ಟ. ಟೊಂಗೆಗಳು ನೆಲ ಮುಟ್ಟುತ್ತಿದ್ದವು. ಎಲೆಗಿಂತ ಕಾಯಿ ಹೆಚ್ಚು. ಹಸಿರು ಹೋಗಿ ಹಳದಿ ಮಿನುಗುವ, ತೆಳು ತೊಗಟೆಯ, ಮೊಟ್ಟೆ ಗಾತ್ರದ ಕಾಯಿಗಳು. ಮೂರನೇ ಸಾಲು ಹಾಗೇ, ನಾಲ್ಕನೆಯದೂ ಹಾಗೇ, ಹನ್ನೆರಡರವರೆಗೂ ಹಾಗೇ. ವ್ಯಾಪಾರಿಗಳಲ್ಲೊಬ್ಬ ಒಂದು ಕಾಯಿ ಕಿತ್ತು ಹಿಚುಕಿದ, ರಸ ಮೊಣಕೈವರೆಗೆ ಇಳಿಯಿತು. ಇಂದ್ರವ್ವ ಎಲ್ಲರ ಎದುರಿಗೇ ಸುಗಲಾಳ ಕೆನ್ನೆ ಸವರಿ ಬೆರಳು ನೆಟಿಕೆ ಮುರಿದಳು.

ಹನ್ನೆರಡೂ ಸಾಲು ನೋಡಿ ಬಂದು ಮುತ್ಯಾ ಬಾವಿಯ ಕಟ್ಟೆಯ ಮೇಲೆ ಕೂತ. ಆಮೇಲೆ ಹೇಳಿದ, "ತಂಗೀ, ಇಂಥಾ ಬೆಳಿ ನಾ ನೋಡಿಲ್ಲ. ಆದ್ರ ಮಾತು ಮಾತ. ಒಂದ ಸಾಲ ಖಾಲಿ ಐತಿ. ಮಲಕಪ್ಪ ಗೆದ್ದಾನ."

ಜನ ಗುಸುಗುಸು ಎಂದರು. ಜೆಸಿಬಿಯವನಿಗೆ ಏನು ತಿಳಿಯಿತೋ, ಚಾಲೂ ಮಾಡಿದ. ಆ ಸದ್ದು ಕೇಳಿದ್ದೇ ಇಂದ್ರವ್ವ ಅಳತೊಡಗಿದಳು. ಚನಮಲ್ಲ ನನ್ನತ್ತ ನೋಡಿ ಮುಖ ತಿರುವಿದ. ಸುಗಲಾ ಮಾತ್ರ ಸೆರಗಿನ ಅಂಚಿನಿಂದ ಮುಖದ ಬೆವರು ಒರೆಸಿಕೊಂಡು ನನ್ನನ್ನೇ ನೋಡುತ್ತಿದ್ದಳು. ಅವಸರವಿಲ್ಲದ ನೋಟ.

ನಾನು ಬಾಯಿ ಬಿಡದೆ ಇನ್ನೊಂದು ಗಳಿಗೆ ನಿಂತಿದ್ದರೆ ಸಾಕಿತ್ತು. ಆಗಲಿಲ್ಲ.

"ಬಂದ್ ಮಾಡೋ ಅದನ್ನ," ಎಂದು ಜೆಸಿಬಿಯವನಿಗೆ ಹೇಳಿದೆ. "ಮುತ್ಯಾ, ಆ ಸಾಲಿಗಿ ನೀರ ಬಿಟ್ಟಾಂವ ನಾನ. ಮಹಾನವಮಿ ಮುಂದ, ಇವರು ಇಂಡಿಗಿ ಹೋದಾಗ. ಅಪ್ಪನ ಆಣೆ ಮುರದೀನಿ."

ಮುತ್ಯಾನ ಕೋಲು ನನ್ನ ಎದೆಯ ಮಟ್ಟಕ್ಕೆ ಏರಿತು. ಗೆಲ್ಲಲಿಕ್ಕೆ ಹೀಗೆ ಮಾಡಿದೆಯಾ ಎಂದು ಕೇಳಿದ. ಇಲ್ಲವೆಂದೆ. ಮತ್ತೆ ಏಕೆ ಎಂದ. ಎಲೆ ಉದುರುವುದನ್ನು ನೋಡಲಾಗಲಿಲ್ಲ, ಕರೆಂಟು ಇದ್ದಿದ್ದರೆ ಹನ್ನೆರಡೂ ಸಾಲಿಗೆ ಬಿಡುತ್ತಿದ್ದೆ ಎಂದೆ. ಹೇಳುವಾಗ ನನಗೇ ನನ್ನ ದನಿ ಹುಡುಗರ ದನಿಯ ಹಾಗೆ ಕೇಳಿಸಿತು. ಕಡಿಯಲು ಹೊರಟವನು ಗಿಡದ ಬಾಯಾರಿಕೆಗೆ ಮರುಗಿದನಂತೆ ಎಂದು ಹಿಂದೆ ಯಾರೋ ನಕ್ಕರು. ನಗಲಿ.

ಮುತ್ಯಾ ಸುಗಲಾಳ ಕಡೆ ತಿರುಗಿದ. "ನಿನಗ ಇದು ಗೊತ್ತಿತ್ತೇನವಾ?"

"ಮರುದಿನ ಮುಂಜಾನಿನ ಗೊತ್ತಾತ್ರಿ. ಮ್ಯಾಲ ಒಣಮಣ್ಣು, ಒಂದ ಬೆರಳ ಕೆಳಗ ಹಸಿ. ನೀರ ತಾನ ಬಂದ್ರ ಮ್ಯಾಲ ಮಣ್ಣ ಹೊಚ್ಚಿ ಹೋಗಂಗಿಲ್ರಿ."

"ಮತ್ತ ಇಷ್ಟ ದಿನ ಬಾಯಿ ಯಾಕ ಮುಚ್ಕೊಂಡ ಕುಂತಿ? ಅವತ್ತ ಹೇಳಿದ್ರ ಅವತ್ತ ಗೆಲ್ತಿದ್ದಿ."

ಸುಗಲಾ ಆಗ ಎಲ್ಲರಿಗೂ ಕೇಳುವಂತೆ ಮಾತಾಡಿದಳು. ಆಕೆಯ ದನಿ ಅಷ್ಟು ದೊಡ್ಡದೆಂದು ನಮ್ಮ ಮನೆಯವರಿಗೇ ಗೊತ್ತಿರಲಿಲ್ಲ.

"ಆಣೆ ಮುರದ ಜಗಳ ತಗದು ಗೆದ್ರ ಗಿಡ ಉಳೀತಿದ್ವು ಮುತ್ಯಾ, ನನ್ನ ಮಾತ ಉಳೀತಿರ್ಲಿಲ್ಲ. ಹನ್ನೆರಡೂ ಸಾಲ ಕಾಯಿ ಬಿಟ್ಟಿದ್ರೂ ನೀವೆಲ್ಲಾ ಏನಂತಿದ್ರಿ? ಈ ವರ್ಷದ ಹವಾನ ಹಂಗಿತ್ತು, ಮಳಿಗೇಡಿ ದೈವ ಚಲೋ ಇತ್ತು ಅಂತಿದ್ರಿ. ಈಗ ನೋಡ್ರಿ. ಅದ ಮಣ್ಣು, ಅದ ಬಿಸಲು, ಅದ ಕೈ. ಒಂದ ಸಾಲ ನೀರ ಕುಡೀತು, ಹನ್ನೊಂದ ಸಾಲ ಕುಡೀಲಿಲ್ಲ. ನಾ ಹೇಳೋದು ಇನ್ನೇನೈತಿ?"

ಜನ ತಾವಾಗಿಯೇ ಮೊದಲ ಸಾಲಿಗೂ ಎರಡನೇ ಸಾಲಿಗೂ ನಡುವೆ ಹೋಗಿ ನಿಂತರು. ಎಡಗೈಗೆ ಬರೀ ಎಲೆ, ಬಲಗೈಗೆ ಕಾಯಿ. ಎಂಟು ತಿಂಗಳು ನಕ್ಕವರು ಒಬ್ಬೊಬ್ಬರೇ ಆಕೆಯನ್ನು ಕೇಳತೊಡಗಿದರು: ಹಾಸು ಎಲ್ಲಿ ಸಿಗುತ್ತದೆ, ಎಷ್ಟು ದಿನ ಬಾಡಿಸಬೇಕು, ಕರಿ ನೆಲದಲ್ಲಿ ನಡೆಯುತ್ತದೆಯೇ. ಆಕೆ ಒಬ್ಬೊಬ್ಬರಿಗೂ ಹೇಳಿದಳು. ಛತ್ರಿ ಕಳಿಸಿ ಎಂದಿದ್ದವನಿಗೂ ಹೇಳಿದಳು, ಅವನಿಗೆ ಎರಡು ಸಲ.

ನಾನು ಅಲ್ಲೇ ಬಾವಿಯ ಕಟ್ಟೆಗೆ ಒರಗಿ ನಿಂತಿದ್ದೆ. ಯಾರೂ ನನ್ನ ಕಡೆ ನೋಡುತ್ತಿರಲಿಲ್ಲ. ಜನ ಸ್ವಲ್ಪ ಸರಿದ ಮೇಲೆ ಆಕೆ ನನ್ನ ಹತ್ತಿರ ಬಂದಳು. ನಾನು ತಪ್ಪಾಯಿತು ಎನ್ನುವಷ್ಟರಲ್ಲಿ ಆಕೆಯೇ ಮಾತು ತೆಗೆದಳು.

"ಭಾವಾರ," ಎಂದಳು, "ಶ್ರಾವಣದಾಗ ನೀವು ಜೆಸಿಬಿ ಅಂದಾಗಿನಿಂದ ನನ್ನ ಎದಿ ಹೊಡಕೋತಿತ್ತು. ಬಾಡಿದ ಗಿಡದ ಮುಂದ ನೀವು ಕಣ್ಣ ತಪ್ಪಿಸಿ ಹೋಗೋದು ದಿನಾ ನೋಡ್ತಿದ್ದೆ. ನಿಮಗ ಗಿಡ ಬಾಯಾರೋದು ನೋಡಾಕ ಆಗ್ಲಿಲ್ಲ ಅಂತ ಗೊತ್ತಾದ ದಿನ ಆ ಅಂಜಿಕಿ ಹೋತು. ಇವರ ಕೈಲೆ ಈ ಗಿಡ ಕಡ್ಯಾಕ ಆಗಂಗಿಲ್ಲ ಅಂತ ಅವತ್ತ ತಿಳೀತು. ಆಮ್ಯಾಲ ನಾ ಚಿಂತಿ ಮಾಡಿಲ್ರಿ."

ಆರು ತಿಂಗಳು ನಾನು ಹೊಟ್ಟೆಯಲ್ಲಿ ಬಚ್ಚಿಟ್ಟುಕೊಂಡು ಬೆಂದದ್ದನ್ನು ಈಕೆ ಆರು ತಿಂಗಳು ನಂಬಿಕೊಂಡು ನಿಶ್ಚಿಂತೆಯಿಂದ ಇದ್ದಳು. ನನಗೇ ಗೊತ್ತಿಲ್ಲದ ನನ್ನನ್ನು ಆಕೆ ಎಂದೋ ತಿಳಿದುಕೊಂಡಿದ್ದಳು. ನಾನು ಜೆಸಿಬಿಯವನನ್ನು ಹೋಗೆಂದು ಕಳಿಸಿದೆ. ರುಮಾಲು ಬಿಗಿದು ಕಟ್ಟಿ, ಬುಟ್ಟಿ ತೆಗೆದುಕೊಂಡು, ಎರಡನೇ ಸಾಲಿನ ಮೊದಲ ಗಿಡಕ್ಕೆ ಕೈ ಹಾಕಿದೆ. ಮುಳ್ಳು ಮೊಣಕೈವರೆಗೆ ಗೀರಿತು, ರಸ ಬಿದ್ದು ಚುರ್ರೆಂದಿತು. ಹೊತ್ತು ಮುಳುಗುವವರೆಗೆ ಇಡೀ ಮನೆಯವರು ಕಾಯಿ ಬಿಡಿಸಿದೆವು, ಅರ್ಧ ಊರು ಕೈಗೂಡಿಸಿತು, ಹೆಂಗಸರು ಹಾಡಿದರು, ಎರಡು ಟೆಂಪೋ ತುಂಬಿದರೂ ನಾಲ್ಕು ಸಾಲು ಮುಗಿದಿರಲಿಲ್ಲ. ಅಷ್ಟು ಜನರ ಎದುರು ಸೋತು ಅಷ್ಟು ಸಂತೋಷದಿಂದ ನಾನು ಎಂದೂ ಮನೆಗೆ ಹೋಗಿರಲಿಲ್ಲ.